ಶಿಲೆಗಳ ಜನ್ಮಾಂತರ

ಕದಲದ ವಸ್ತುವಿಗೆ ಉಪಮಾನವನ್ನು ಅರಸುವಾಗ ನಮಗೆ ಮೊದಲು ನೆನಪಾಗುವುದು ಕಲ್ಲು. ಅಳಿಯಬಾರದ ಮಾತನ್ನು ಶಿಲಾಶಾಸನವೆನ್ನುತ್ತೇವೆ. ಕರಗದ ಮನಸ್ಸನ್ನು ಕಲ್ಲುಮನಸ್ಸೆನ್ನುತ್ತೇವೆ. ಮನುಷ್ಯನ ಆಯುಸ್ಸಿನ ಅಳತೆಯಲ್ಲಿ ಈ ಮಾತು ಸರಿಯೇ. ಆದರೆ ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷಗಳು. ಆ ಅಳತೆಗೋಲನ್ನು ಹಿಡಿದು ನೋಡಿದರೆ ಕಲ್ಲೂ ಹುಟ್ಟುತ್ತದೆ, ಸವೆಯುತ್ತದೆ, ಬೇಯುತ್ತದೆ, ಕರಗುತ್ತದೆ, ಮತ್ತೆ ಬೇರೊಂದು ರೂಪವನ್ನು ತಾಳಿ ಹುಟ್ಟುತ್ತದೆ. ಶಿಲೆಗಳ ಈ ಜನ್ಮಾಂತರಗಳ ಸರಣಿಯನ್ನು ಭೂವಿಜ್ಞಾನಿಗಳು ಶಿಲಾಚಕ್ರವೆಂದು ಕರೆಯುತ್ತಾರೆ.

ಇದನ್ನು ಅರಿಯಲು ದೂರದ ಜ್ವಾಲಾಮುಖಿಗಳನ್ನು ನೋಡಲು ಹೋಗಬೇಕಾಗಿಲ್ಲ. ನಮ್ಮ ಹಳೆಯ ಮನೆಗಳಲ್ಲಿಯೇ ಮೂರು ಬಗೆಯ ಕಲ್ಲುಗಳಿರುತ್ತವೆ. ಅಡಿಗೆಮನೆಯ ಒರಳು ಸಾಮಾನ್ಯವಾಗಿ ಗ್ರಾನೈಟಿನದು. ನೆಲಕ್ಕೆ ಹಾಸಿರುವ ಶಹಾಬಾದ್ ಚಪ್ಪಡಿ ಸುಣ್ಣಕಲ್ಲು. ಮಕ್ಕಳು ಬರೆಯುವ ಬಳಪ ಮೆದುವಾದ ಬಳಪದ ಕಲ್ಲಿನ ತುಂಡು. ಒಂದು ಬೆಂಕಿಯ ಮಗು, ಇನ್ನೊಂದು ನೀರಿನ ಮಗು, ಮೂರನೆಯದು ಹುಟ್ಟಿದ ಮೇಲೆ ಬೆಂದು ರೂಪವನ್ನು ಬದಲಿಸಿಕೊಂಡದ್ದು. ಅಗ್ನಿಶಿಲೆ, ಜಲಜಶಿಲೆ, ರೂಪಾಂತರಶಿಲೆ ಎಂಬ ಮೂರು ವರ್ಗಗಳು ಇವೇ. ಈ ಹೆಸರುಗಳನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಕೈಯಲ್ಲಿರುವ ಒಂದು ಕಲ್ಲು ಯಾವ ವರ್ಗಕ್ಕೆ ಸೇರಿದುದೆಂದು ಹೇಗೆ ತಿಳಿಯಬೇಕು? ಅದು ಹುಟ್ಟಿದುದನ್ನು ಕಂಡವರಾರೂ ಇಲ್ಲ. ಕಲ್ಲು ತನ್ನ ಮೈಯಲ್ಲಿ ಹೊತ್ತಿರುವ ಗುರುತುಗಳೇ ನಮಗಿರುವ ಸಾಕ್ಷಿ.

ಅಗ್ನಿಯಿಂದ ಹುಟ್ಟಿದವು

ಭೂಮಿಯೊಳಗೆ ಕೆಲವೆಡೆ ಶಿಲೆಗಳು ಕರಗಿ ದ್ರವವಾಗಿರುತ್ತವೆ. ಈ ಶಿಲಾರಸವು ಹೆಪ್ಪುಗಟ್ಟಿದಾಗ ಉಂಟಾಗುವುದೇ ಅಗ್ನಿಶಿಲೆ. ಅದು ಎಲ್ಲಿ, ಎಷ್ಟು ನಿಧಾನವಾಗಿ ಆರಿತೆಂಬುದನ್ನು ಅದರ ಹರಳುಗಳ ಗಾತ್ರವೇ ತಿಳಿಸುತ್ತದೆ. ಸಕ್ಕರೆಯ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆಯ ದಪ್ಪ ಹರಳುಗಳು ಕೂಡಿಕೊಳ್ಳುತ್ತವೆ. ಬೇಗ ಆರಿಸಿದರೆ ನುಣ್ಣನೆಯ ಪುಡಿ ಮಾತ್ರ ದೊರೆಯುತ್ತದೆ. ಶಿಲಾರಸದ ವರ್ತನೆಯೂ ಹೀಗೆಯೇ.

ರಾಮನಗರದ ಬೆಟ್ಟಗಳ ಕಲ್ಲನ್ನು ಗಮನಿಸಿರಿ. ನಸುಗೆಂಪು ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಬೆರಳಿನ ಗೆಣ್ಣಿನಷ್ಟು ದೊಡ್ಡದಾಗಿ ಕಾಣುತ್ತವೆ. ಅವುಗಳ ನಡುವೆ ಗಾಜಿನಂತೆ ಹೊಳೆಯುವ ಬೆಣಚುಕಲ್ಲೂ ಕಪ್ಪಗೆ ಮಿನುಗುವ ಅಭ್ರಕವೂ ಒಂದಕ್ಕೊಂದು ಹೆಣೆದುಕೊಂಡಿವೆ. ಇಷ್ಟು ದೊಡ್ಡ ಹರಳುಗಳು ಬೆಳೆಯಬೇಕಾದರೆ ಶಿಲಾರಸವು ನೆಲದಾಳದಲ್ಲಿ, ಮೇಲಿನ ಶಿಲೆಗಳ ಹೊದಿಕೆಯ ಕೆಳಗೆ, ಬಹಳ ನಿಧಾನವಾಗಿ ಆರಿರಬೇಕು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದರಿಂದ ಈ ಶಿಲೆಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ನಿಂತಿದೆ. ಇದು ದಕ್ಷಿಣೋತ್ತರವಾಗಿ ಸುಮಾರು ೪೦೦ ಕಿಲೋಮೀಟರುಗಳಷ್ಟು ಉದ್ದಕ್ಕೆ ಹಬ್ಬಿದೆ. ಇದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ.

ಇದಕ್ಕೆ ಪ್ರತಿಯಾಗಿ ವಿಜಯಪುರದ ಗೋಳಗುಮ್ಮಟದ ಕಲ್ಲನ್ನು ನೋಡಿದರೆ, ಕಪ್ಪು ಬೂದಿ ಬಣ್ಣದ ಆ ಬಸಾಲ್ಟಿನಲ್ಲಿ ಬರಿಗಣ್ಣಿಗೆ ಹರಳುಗಳು ಬಹುಮಟ್ಟಿಗೆ ಕಾಣಿಸುವುದಿಲ್ಲ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲವು ಬಿರಿದು ಲಾವಾರಸವು ಮತ್ತೆ ಮತ್ತೆ ಉಕ್ಕಿ ಹರಿಯಿತು. ನೆಲದ ಮೇಲೆ ಬಂದ ಲಾವಾ ಗಾಳಿಗೆ ಬೇಗ ಆರಿದುದರಿಂದ ಹರಳುಗಳಿಗೆ ಬೆಳೆಯುವಷ್ಟು ಸಮಯ ಸಿಗಲಿಲ್ಲ. ಒಂದರ ಮೇಲೊಂದು ಹರಡಿದ ಈ ಹಾಸುಗಳು ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಮುಚ್ಚಿವೆ. ಬೆಟ್ಟಗಳ ಪಕ್ಕಗಳಲ್ಲಿ ಅವು ಮೆಟ್ಟಿಲುಗಳಂತೆ ಕಾಣುವುದರಿಂದ, ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಪದದಿಂದ ‘ದಖನ್ ಟ್ರ್ಯಾಪ್’ ಎಂಬ ಹೆಸರು ಬಂದಿತು.

ಲಾವಾ ಆರಿದ ಬಗೆಯೂ ಗುರುತನ್ನು ಉಳಿಸುತ್ತದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಐದಾರು ಮೂಲೆಗಳ ಕಲ್ಲಿನ ಕಂಬಗಳು ಜೋಡಿಸಿಟ್ಟಂತೆ ನಿಂತಿವೆ. ದಪ್ಪನೆಯ ಲಾವಾ ಆರುತ್ತ ಕುಗ್ಗಿದಾಗ, ಒಣಗಿದ ಕೆರೆಯ ಕೆಸರು ಬಿರಿಯುವಂತೆ, ಬಿರಿದುದೇ ಇದಕ್ಕೆ ಕಾರಣ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಅಗಲಿದ ಕಾಲದ ಕುರುಹು ಅದು. ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಲ್ಲಿ ಲಾವಾ ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾಗಿದೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಈ ಆಕಾರವನ್ನು ಪಡೆಯುತ್ತದೆ. ಇಂದು ಬಯಲುಸೀಮೆಯಾಗಿರುವ ಆ ಸ್ಥಳದಲ್ಲಿ ೨೫೦ ಕೋಟಿ ವರ್ಷಗಳಿಗೂ ಹಿಂದೆ ನೀರಿತ್ತೆಂಬುದಕ್ಕೆ ಆ ಕಲ್ಲೇ ಸಾಕ್ಷಿ.

ನೀರಿನ ಕೆಲಸ

ನೆಲದ ಮೇಲಕ್ಕೆ ಬಂದ ಶಿಲೆಯನ್ನು ಗಾಳಿ, ಬಿಸಿಲು, ಮಳೆಗಳು ಸುಮ್ಮನೆ ಬಿಡುವುದಿಲ್ಲ. ಮಳೆಯ ನೀರು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಕರಗಿಸಿಕೊಂಡು ತುಸು ಹುಳಿಯಾಗಿರುತ್ತದೆ. ಈ ನೀರಿನ ಸಂಗದಿಂದ ಗ್ರಾನೈಟಿನ ಫೆಲ್ಡ್‌ಸ್ಪಾರ್ ಕಾಲಕ್ರಮದಲ್ಲಿ ಜೇಡಿಮಣ್ಣಾಗುತ್ತದೆ. ಬೆಣಚುಕಲ್ಲು ಮಾತ್ರ ಜಗ್ಗದೆ ಉಳಿದು ಮರಳಾಗುತ್ತದೆ. ಹೊಳೆಯ ಮರಳೆಂಬುದು ಹೀಗೆ ಸತ್ತ ಬಂಡೆಗಳ ಅಸ್ಥಿ. ಬಸಾಲ್ಟಿನಲ್ಲಿ ಬೆಣಚುಕಲ್ಲು ಇಲ್ಲವೆನ್ನುವಷ್ಟು ಕಡಿಮೆ. ಅದು ಸವೆದಾಗ ಮರಳಿಗೆ ಬದಲಾಗಿ ಉತ್ತರ ಕರ್ನಾಟಕದ ಎರೆಮಣ್ಣು ಉಂಟಾಗುತ್ತದೆ. ಮಳೆ ಹೆಚ್ಚಾದ ಕರಾವಳಿಯಲ್ಲಿ ನೀರು ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮುಗಳ ಸಂಯುಕ್ತಗಳನ್ನು ಹಿಂದೆ ಬಿಡುತ್ತದೆ. ಅಲ್ಲಿನ ಮನೆಗಳ ಗೋಡೆಗಳಲ್ಲಿರುವ ಕೆಂಪಾದ ಮುರಕಲ್ಲು ಅದೇ.

ಹೀಗೆ ಸವೆದ ಪುಡಿಯ ಪ್ರಮಾಣವೆಷ್ಟೆಂದು ತಿಳಿಯಬೇಕಾದರೆ ತುಂಗಭದ್ರಾ ಜಲಾಶಯವನ್ನು ನೋಡಬಹುದು. ೧೯೫೩ರಲ್ಲಿ ನೀರು ನಿಂತಾಗ ಅದರ ಧಾರಣಶಕ್ತಿ ೧೩೨ ಟಿ.ಎಂ.ಸಿ. ಅಡಿಗಳಷ್ಟಿತ್ತು; ಹೂಳು ತುಂಬಿ ಈಗ ಅದು ಸುಮಾರು ೧೦೫ಕ್ಕೆ ಇಳಿದಿದೆ. ಎಂದರೆ ಎಪ್ಪತ್ತು ವರ್ಷಗಳೊಳಗೆ ೨,೫೦೦ ಕೋಟಿ ಘನ ಅಡಿಗಳಿಗಿಂತ ಹೆಚ್ಚು ಹೂಳು ಒಂದೇ ಜಲಾಶಯದ ತಳದಲ್ಲಿ ಕುಳಿತಿದೆ. ರೈತನಿಗೆ ಇದು ನೀರಿನ ನಷ್ಟ. ಭೂವಿಜ್ಞಾನಿಯ ಕಣ್ಣಿಗೆ ಬೆಟ್ಟಗಳು ಕರಗುತ್ತಿರುವುದರ ಲೆಕ್ಕ.

ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಈ ಹೊರೆಯು ಸಮುದ್ರವನ್ನೇ ಸೇರುತ್ತಿತ್ತು. ಮಹಾಬಲೇಶ್ವರದ ಬಸಾಲ್ಟಿನಲ್ಲಿ ಹುಟ್ಟುವ ಕೃಷ್ಣೆಯು ದಾರಿಯಲ್ಲಿ ಮರಳುಗಲ್ಲು, ಸುಣ್ಣಕಲ್ಲು, ಗ್ರಾನೈಟುಗಳನ್ನು ದಾಟಿ, ಎಲ್ಲದರ ಪುಡಿಯನ್ನೂ ಹೊತ್ತು, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನದೀಮುಖದ ನೆಲದಡಿಯಲ್ಲಿಯೂ ಕಡಲ ತಳದಲ್ಲಿಯೂ ಇಂತಹ ಮಣ್ಣು ಮರಳುಗಳು ಹಲವು ಕಿಲೋಮೀಟರುಗಳಷ್ಟು ದಪ್ಪಕ್ಕೆ ಶೇಖರವಾಗಿವೆ. ಮೇಲಿನ ಪದರಗಳ ಭಾರದಿಂದ ಕೆಳಗಿನವು ಒತ್ತಿಕೊಳ್ಳುತ್ತವೆ. ಸಂದುಗಳಲ್ಲಿ ಹರಿಯುವ ನೀರಿನಲ್ಲಿ ಕರಗಿರುವ ಸುಣ್ಣ, ಸಿಲಿಕ ಮೊದಲಾದವು ಗಾರೆಯಂತೆ ನಿಂತು ಕಣಗಳನ್ನು ಬೆಸೆಯುತ್ತವೆ. ಮರಳು ಮರಳುಗಲ್ಲಾಗುತ್ತದೆ, ಜೇಡಿ ಜೇಡುಗಲ್ಲಾಗುತ್ತದೆ, ಹೊಳೆಯ ಉರುಟುಕಲ್ಲುಗಳು ಬೆಸೆದುಕೊಂಡು ಪೆಂಟೆಶಿಲೆಯಾಗುತ್ತವೆ. ಇವಲ್ಲದೆ ನೀರಿನಲ್ಲಿ ಕರಗಿದ ಸುಣ್ಣವು ತಳಕ್ಕಿಳಿದು ಉಂಟಾಗುವ ಸುಣ್ಣಕಲ್ಲೂ ಜಲಜಶಿಲೆಯೇ. ಶಹಾಬಾದಿನ ಕಲ್ಲು ಚಪ್ಪಡಿಚಪ್ಪಡಿಯಾಗಿ ಏಳುವುದು ಅದು ಪದರ ಪದರವಾಗಿ ಕುಳಿತುದರ ಫಲ.

ಕೀರ್ತಿವರ್ಮನ ಕಾಲದಲ್ಲಿ, ಕ್ರಿ.ಶ. ೫೭೮ರಲ್ಲಿ, ಮುಗಿದ ಬಾದಾಮಿಯ ಮೂರನೆಯ ಗುಹೆಯನ್ನು ನೋಡಲು ಹೋದವರು ಶಿಲ್ಪಗಳ ಜೊತೆಗೆ ಬಂಡೆಯ ಗೋಡೆಯನ್ನೂ ಗಮನಿಸಬೇಕು. ಅಲ್ಲಿನ ಮರಳುಗಲ್ಲಿನಲ್ಲಿ ಓರೆಯಾದ ಸಣ್ಣ ಪದರಗಳು ಒಂದನ್ನೊಂದು ಕತ್ತರಿಸುವಂತೆ ಹಾಯ್ದಿವೆ. ಹರಿಯುವ ನೀರು ಮರಳಿನ ದಿಬ್ಬಗಳನ್ನು ಮುಂದೂಡಿದಾಗ ಹುಟ್ಟುವ ವಿನ್ಯಾಸವಿದು. ಆ ಪ್ರದೇಶದ ಕೆಲವು ಹಾಸುಗಲ್ಲುಗಳ ಮೇಲೆ ಸಣ್ಣ ಅಲೆಗಳ ಅಚ್ಚೂ ಇದೆ. ಇಂದು ಯಾವ ಹೊಳೆಯ ದಂಡೆಗೆ ಹೋದರೂ ಒದ್ದೆ ಮರಳಿನ ಮೇಲೆ ಇದೇ ಅಚ್ಚನ್ನು ಕಾಣಬಹುದು.

ಕರಗದೆಯೆ ಬದಲಾದವು

ಭೂಮಿಯೊಳಕ್ಕೆ ಇಳಿದಂತೆಲ್ಲ ಶಾಖವೂ ಒತ್ತಡವೂ ಏರುತ್ತವೆ. ಸಾಮಾನ್ಯವಾಗಿ ಕಿಲೋಮೀಟರಿಗೆ ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡಿನಷ್ಟು ಉಷ್ಣತೆ ಹೆಚ್ಚುತ್ತದೆಂದು ಹೇಳಬಹುದು. ಬೆಟ್ಟಗಳೇಳುವ ಕಡೆಗಳಲ್ಲಿ ಆಳಕ್ಕೆ ತಳ್ಳಲ್ಪಟ್ಟ ಶಿಲೆ ಕರಗದೆಯೆ ಬದಲಾಗುತ್ತದೆ. ಕುಂಬಾರನ ಆವಿಗೆಯಲ್ಲಿ ಮಣ್ಣು ಕರಗುವುದಿಲ್ಲ. ಆದರೂ ಬೆಂದ ಮಡಕೆ ನೀರಿನಲ್ಲಿ ನೆನೆದು ಮತ್ತೆ ಮಣ್ಣಾಗುವುದಿಲ್ಲ. ಶಿಲೆಯಲ್ಲಿಯೂ ಹಳೆಯ ಖನಿಜಗಳು ಅಳಿದು, ಆ ಶಾಖಕ್ಕೂ ಒತ್ತಡಕ್ಕೂ ತಕ್ಕ ಹೊಸ ಖನಿಜಗಳು ಗಟ್ಟಿಸ್ಥಿತಿಯಲ್ಲಿಯೇ ಬೆಳೆಯುತ್ತವೆ. ಒತ್ತಡವು ಒಂದು ದಿಕ್ಕಿನಿಂದ ಹೆಚ್ಚಾಗಿದ್ದರೆ ಅಭ್ರಕದಂತಹ ತೆಳುವಾದ ಹರಳುಗಳು ಅದಕ್ಕೆ ಅಡ್ಡಲಾಗಿ ಸಾಲುಗಟ್ಟಿ ಮಲಗುತ್ತವೆ.

ಜೇಡುಗಲ್ಲು ಸ್ವಲ್ಪ ಬೆಂದರೆ ಹಾಳೆಯಂತೆ ಸೀಳುವ ಸ್ಲೇಟುಕಲ್ಲಾಗುತ್ತದೆ. ಇನ್ನೂ ಬೆಂದರೆ ಹೊಳೆಯುವ ಅಭ್ರಕದ ಪದರಶಿಲೆಯಾಗುತ್ತದೆ. ಆಳ ಇನ್ನೂ ಹೆಚ್ಚಿದರೆ ಅದರಲ್ಲಿ ಕೆಂಪು ಗಾರ್ನೆಟ್ ಹರಳುಗಳು ಹುಟ್ಟಬಹುದು. ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ, ಮರಳುಗಲ್ಲು ಕಠಿಣವಾದ ಕ್ವಾರ್ಟ್‌ಜೈಟ್ ಆಗುತ್ತದೆ. ಮೆಗ್ನೀಸಿಯಮ್ ಹೆಚ್ಚಾಗಿದ್ದ ಪ್ರಾಚೀನ ಅಗ್ನಿಶಿಲೆಗಳು ನೀರಿನೊಡನೆ ಬೆಂದು ಬಳಪದ ಕಲ್ಲಾದವು. ಹೊಯ್ಸಳ ಶಿಲ್ಪಿಗಳು ೧೧೧೭ರಲ್ಲಿ ಬೇಲೂರಿನ ದೇವಾಲಯವನ್ನು ಕಟ್ಟುವಾಗ ಈ ಕಲ್ಲನ್ನೇ ಆರಿಸಿಕೊಂಡರು. ಚಾಲುಕ್ಯರ ಮರಳುಗಲ್ಲಿನಲ್ಲಿ ಸಾಧ್ಯವಾಗದ ಬಳೆಯ ಸಂದು, ಸರದ ಮಣಿಗಳೆಲ್ಲ ಬೇಲೂರಿನಲ್ಲಿ ಸಾಧ್ಯವಾದುದಕ್ಕೆ ಶಿಲ್ಪಿಯ ಕೈಯ ಜೊತೆಗೆ ಆ ಕಲ್ಲಿನ ಮೆದುತನವೂ ಕಾರಣ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯು ಮತ್ತೊಂದು ರೂಪಾಂತರಶಿಲೆ. ಅದರಲ್ಲಿ ಬಿಳುಪು ಮತ್ತು ಕಪ್ಪು ಪಟ್ಟೆಗಳು ಹಿಟ್ಟನ್ನು ಮಡಿಚಿ ನಾದಿದಂತೆ ಬಳುಕಿವೆ. ನೈಸ್ ಎಂಬ ಈ ಶಿಲೆ ಮೊದಲು ಗ್ರಾನೈಟನ್ನು ಹೋಲುವ ಅಗ್ನಿಶಿಲೆಯಾಗಿದ್ದು, ಹತ್ತು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಒತ್ತಡಕ್ಕೆ ಸಿಕ್ಕಿ ಈ ರೂಪವನ್ನು ತಾಳಿತು. ಇದರ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳು. ಇಂತಹ ಶಿಲೆಗಳಲ್ಲಿರುವ ಜಿರ್ಕಾನ್ ಎಂಬ ಸಣ್ಣ ಹರಳುಗಳು ಯುರೇನಿಯಮ್ಮನ್ನು ಒಳಗೊಂಡಿರುತ್ತವೆ. ಯುರೇನಿಯಮ್ ತನ್ನದೇ ಆದ ಬದಲಾಗದ ಗತಿಯಲ್ಲಿ ಸೀಸವಾಗುವುದರಿಂದ, ಎರಡರ ಪ್ರಮಾಣಗಳನ್ನು ಅಳೆದು ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಅಷ್ಟು ಆಳದಲ್ಲಿದ್ದ ಶಿಲೆಯ ಮೇಲೆ ನಾವಿಂದು ಕುಳಿತು ಗಾಳಿ ಸೇವಿಸುತ್ತಿರುವೆವೆಂದರೆ, ಅದರ ಮೇಲಿದ್ದ ಹೊದಿಕೆಯೆಲ್ಲ ಸವೆದು ಹೋಯಿತೆಂದೇ ಅರ್ಥ.

ಎರಡು ವಿವಾದಗಳು

ಈ ವಿವರಣೆಗಳು ಇಂದು ಸರಳವಾಗಿ ತೋರುತ್ತವೆ. ಆದರೆ ಇವುಗಳನ್ನು ಸ್ಥಾಪಿಸಲು ದೀರ್ಘವಾದ ವಾದಗಳೇ ನಡೆಯಬೇಕಾಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಫ್ರೈಬರ್ಗಿನ ಗಣಿವಿದ್ಯಾಲಯದ ಅಧ್ಯಾಪಕನಾಗಿದ್ದ ವರ್ನರ್, ಗ್ರಾನೈಟ್ ಬಸಾಲ್ಟುಗಳೂ ಸೇರಿದಂತೆ ಬಹುತೇಕ ಶಿಲೆಗಳು ಆದಿಯ ಮಹಾಸಾಗರದ ನೀರಿನಿಂದಲೇ ತಳಕ್ಕಿಳಿದವೆಂದು ಬೋಧಿಸುತ್ತಿದ್ದನು. ಸ್ಕಾಟ್‌ಲೆಂಡಿನ ಜೇಮ್ಸ್ ಹಟ್ಟನ್ ಇದನ್ನು ಒಪ್ಪಲಿಲ್ಲ. ಗ್ಲೆನ್ ಟಿಲ್ಟ್ ಎಂಬ ಕಣಿವೆಯಲ್ಲಿ ೧೭೮೫ರಲ್ಲಿ ಅವನು, ಗ್ರಾನೈಟಿನ ಕೆಂಪು ಎಳೆಗಳು ಕಪ್ಪು ಪದರಶಿಲೆಯೊಳಕ್ಕೆ ನುಗ್ಗಿರುವುದನ್ನು ಕಂಡನು. ನುಗ್ಗಬೇಕಾದರೆ ಅದು ದ್ರವವಾಗಿರಬೇಕು, ಪದರಶಿಲೆಗಿಂತ ಕಿರಿಯದೂ ಆಗಿರಬೇಕು. ಮೂರು ವರ್ಷಗಳ ಅನಂತರ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿನಲ್ಲಿ, ನೆಟ್ಟಗೆ ಎದ್ದು ನಿಂತ ಹಳೆಯ ಪದರಗಳ ಸವೆದ ತಲೆಗಳ ಮೇಲೆ ಬೇರೊಂದು ಮರಳುಗಲ್ಲು ಬಹುಮಟ್ಟಿಗೆ ಅಡ್ಡಲಾಗಿ ಹಾಸಿಕೊಂಡಿರುವುದನ್ನು ಅವನು ತನ್ನ ಮಿತ್ರರಿಗೆ ತೋರಿಸಿದನು. ಮೊದಲಿನವು ಕಡಲಲ್ಲಿ ಕುಳಿತು, ಗಟ್ಟಿಯಾಗಿ, ಮಡಿಚಿ ಮೇಲೆದ್ದು, ಸವೆದು, ಮತ್ತೆ ಅವುಗಳ ಮೇಲೆ ಮರಳು ಕುಳಿತು ಕಲ್ಲಾಗಬೇಕಾದರೆ ಎಷ್ಟು ಕಾಲ ಬೇಕು! ಭೂಮಿಯ ಪ್ರಾಚೀನತೆಯನ್ನು ಅಂದಿನವರು ಊಹಿಸಲಾರದಷ್ಟು ಹಿಗ್ಗಿಸಿದ ದೃಶ್ಯವದು. ಅವನ ಮಿತ್ರ ಜೇಮ್ಸ್ ಹಾಲ್ ಪ್ರಯೋಗಶಾಲೆಯಲ್ಲಿ ಬಸಾಲ್ಟನ್ನು ಕರಗಿಸಿ ನಿಧಾನವಾಗಿ ಆರಿಸಿದಾಗ ಅದು ಗಾಜಾಗದೆ ಹರಳುಗಟ್ಟಿತು. ಸುಣ್ಣಕಲ್ಲಿನ ಪುಡಿಯನ್ನು ಬಂದೂಕಿನ ನಳಿಗೆಯಲ್ಲಿ ಭದ್ರವಾಗಿ ಮುಚ್ಚಿ ಕಾಯಿಸಿದಾಗ ಅಮೃತಶಿಲೆಯಂತಹ ವಸ್ತು ದೊರೆಯಿತು.

ಸಿಕ್ಕರ್ ಪಾಯಿಂಟಿನಂತಹ ದೃಶ್ಯ ನಮ್ಮ ನಾಡಿನಲ್ಲಿಯೂ ಇದೆ. ಬಾದಾಮಿಯ ಪ್ರದೇಶದಲ್ಲಿ ಮಡಿಚಿಕೊಂಡ ಬಾಗಲಕೋಟೆಯ ಶಿಲಾಪದರಗಳ ಮೇಲೆ ಬಾದಾಮಿಯ ಮರಳುಗಲ್ಲು ಮಟ್ಟಸವಾಗಿ ಹಾಸಿದೆ. ಅಷ್ಟೇ ಅಲ್ಲ, ಇದೇ ಬಗೆಯ ವಿವಾದವೂ ಇಲ್ಲಿ ನಡೆಯಿತು. ರಾಬರ್ಟ್ ಬ್ರೂಸ್ ಫೂಟ್ ೧೮೮೦ರ ದಶಕದಲ್ಲಿ, ನಮ್ಮ ನಾಡಿನ ಚಿನ್ನ ಕಬ್ಬಿಣಗಳ ತವರಾದ ಪದರಶಿಲೆಗಳ ಪಟ್ಟಿಗಳನ್ನು ಗುರುತಿಸಿ ‘ಧಾರವಾಡ’ದ ಹೆಸರಿನಿಂದ ಕರೆದನು. ಇವು ನೈಸಿನ ಮೇಲೆ ಕುಳಿತ ಜಲಜಶಿಲೆಗಳೂ ಲಾವಾಗಳೂ ಎಂಬುದು ಅವನ ಮತ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ೧೮೯೪ರಲ್ಲಿ ಆರಂಭವಾಯಿತು. ಅದರ ಮುಖ್ಯಸ್ಥನಾಗಿ ಬಂದ ಡಬ್ಲ್ಯು. ಎಫ್. ಸ್ಮೀತ್ ಇದಕ್ಕೆ ವಿರುದ್ಧವಾಗಿ, ಧಾರವಾಡ ಶಿಲೆಗಳೆಲ್ಲವೂ ಅಗ್ನಿಜನ್ಯ, ನೈಸು ಅವುಗಳೊಳಕ್ಕೆ ಅನಂತರ ನುಗ್ಗಿದುದು ಎಂದು ೧೯೧೬ರಲ್ಲಿ ಪ್ರತಿಪಾದಿಸಿದನು. ಹಾಗಾದರೆ ಅವುಗಳ ನಡುವೆ ಕಾಣುವ ಪೆಂಟೆಶಿಲೆ? ಅದರ ಉರುಟುಕಲ್ಲುಗಳು ಹೊಳೆಯಲ್ಲಿ ಉರುಳಿದವಲ್ಲ, ನೆಲದ ಒತ್ತಡದಲ್ಲಿ ಅರೆದು ಉಂಡೆಯಾದ ಚೂರುಗಳು ಎಂಬುದು ಆ ಪಕ್ಷದ ಉತ್ತರವಾಗಿತ್ತು.

ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ರೂಪಾಂತರವು ಹುಟ್ಟಿನ ಗುರುತುಗಳನ್ನೇ ಅಳಿಸುತ್ತದೆ. ಚೆನ್ನಾಗಿ ಬೆಂದ ಲಾವಾವನ್ನೂ ಬೆಂದ ಕೆಸರುಗಲ್ಲನ್ನೂ ಬೇರೆ ಮಾಡಿ ಹೇಳುವುದು ಬಲು ಕಷ್ಟ. ಆದರೆ ಕಡಿಮೆ ಬೆಂದ ಭಾಗಗಳನ್ನು ತಾಳ್ಮೆಯಿಂದ ಹುಡುಕಿದಾಗ ಅಲೆಗಳ ಅಚ್ಚು, ಓರೆಪದರ ಮೊದಲಾದವು ದೊರೆತವು. ಇದೇ ಇಲಾಖೆಯ ಬಿ. ರಾಮರಾಯರು ೧೯೪೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧಾರವಾಡ ಶಿಲೆಗಳಲ್ಲಿ ಜಲಜವಾದವೂ ಸೇರಿವೆಯೆಂಬುದಕ್ಕೆ ಮನ್ನಣೆ ದೊರೆಯಿತು. ಬಾಬಾಬುಡನ್ ಗಿರಿಗಳ ಪರಿಸರದ ಕಲ್ದುರ್ಗದ ಪೆಂಟೆಶಿಲೆಯಲ್ಲಿ ಗ್ರಾನೈಟಿನ ಉರುಟುಕಲ್ಲುಗಳಿವೆ. ಗ್ರಾನೈಟ್ ಮೊದಲೇ ಇದ್ದು, ನೆಲದ ಮೇಲೆ ಬಂದು, ಒಡೆದು, ನೀರಿನಲ್ಲಿ ಉರುಳಿರದಿದ್ದರೆ ಅವು ಅಲ್ಲಿಗೆ ಬರುವಂತಿಲ್ಲ. ಕೊನೆಗೆ ವಯೋನಿರ್ಣಯದ ವಿಧಾನಗಳು ಬಂದಾಗ ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದ್ದುದು ತಿಳಿಯಿತು. ನೈಸಿನ ಬಹುಭಾಗವು ಧಾರವಾಡ ಶಿಲೆಗಳಿಗಿಂತ ಹಿರಿಯದು. ಕ್ಲೋಸ್‌ಪೇಟಿನಂತಹ ಗ್ರಾನೈಟುಗಳು ಅವುಗಳಿಗಿಂತ ಕಿರಿಯವು, ಅವುಗಳೊಳಕ್ಕೆ ನುಗ್ಗಿದವು. ಯಾವುದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗದಿರಲು ಶಿಲೆಗಳು ಚಕ್ರದಲ್ಲಿ ಸುತ್ತುತ್ತಿದ್ದುದೇ ಕಾರಣ.

ಚಕ್ರವನ್ನು ತಿರುಗಿಸುವ ಶಕ್ತಿಗಳು

ಈ ಚಕ್ರಕ್ಕೆ ಎರಡು ಕೈಗಳಿವೆ. ಒಂದು ಸೂರ್ಯ: ನೀರನ್ನು ಆವಿಯಾಗಿ ಮೇಲೆತ್ತಿ ಮಳೆಯಾಗಿ ಸುರಿಸಿ ಬೆಟ್ಟಗಳನ್ನು ಸವೆಸುವವನು ಅವನೇ. ಇನ್ನೊಂದು ಭೂಮಿಯ ಒಳಗಿನ ಶಾಖ. ಹುಟ್ಟಿದ ಕಾಲದಿಂದ ಉಳಿದ ಬಿಸಿಯೂ ವಿಕಿರಣ ಧಾತುಗಳ ಕ್ಷಯದಿಂದ ಬರುವ ಬಿಸಿಯೂ ಕೂಡಿ ಭೂಮಿಯ ಹೊರಕವಚದ ಫಲಕಗಳನ್ನು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಂತೆ ಸರಿಸುತ್ತವೆ. ಈ ಚಲನೆ ೧೯೬೦ರ ದಶಕದಲ್ಲಿ ಸಿದ್ಧಪಟ್ಟ ಮೇಲೆ, ಸಮುದ್ರತಳಕ್ಕೆ ಇಳಿದ ಕೆಸರು ಮತ್ತೆ ಬೆಟ್ಟವಾಗಿ ಏಳುವುದು ಹೇಗೆಂಬ ಹಟ್ಟನ್ನನ ಕಾಲದ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯಿತು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತವು ಏಷ್ಯವನ್ನು ಒತ್ತಲಾರಂಭಿಸಿದುದರಿಂದಲೇ, ಕಡಲಲ್ಲಿ ಹುಟ್ಟಿದ ಸುಣ್ಣಕಲ್ಲು ಇಂದು ಎವರೆಸ್ಟಿನ ನೆತ್ತಿಯಲ್ಲಿದೆ.

ಚಕ್ರವೆಂದ ಮಾತ್ರಕ್ಕೆ ಎಲ್ಲ ಶಿಲೆಗಳೂ ಒಂದೇ ದಾರಿಯಲ್ಲಿ ಸುತ್ತುತ್ತವೆಯೆಂದು ತಿಳಿಯಬಾರದು. ಗ್ರಾನೈಟ್ ಸವೆದು ಮರಳಾಗಬಹುದು, ಸವೆಯದೆಯೆ ಆಳಕ್ಕಿಳಿದು ನೈಸಾಗಬಹುದು; ಮರಳುಗಲ್ಲು ಬೇಯದೆಯೆ ಸವೆದು ಮತ್ತೊಮ್ಮೆ ಮರಳಾಗಬಹುದು. ಲಾಲ್‌ಬಾಗಿನ ಬಂಡೆಯ ಬಳಗಕ್ಕೆ ಸೇರಿದ ನೈಸು ಆಳದಲ್ಲಿ ಭಾಗಶಃ ಕರಗಿತು. ಆ ರಸವು ಇನ್ನೂ ಆಳದಿಂದ ಬಂದ ಶಿಲಾರಸದೊಡನೆ ಕೂಡಿ ಹೆಪ್ಪುಗಟ್ಟಿದುದೇ ರಾಮನಗರದ ಗ್ರಾನೈಟ್. ಅಂದರೆ ಬೆಂಗಳೂರಿನಿಂದ ರಾಮನಗರಕ್ಕೆ ಒಂದು ಗಂಟೆಯ ಪ್ರಯಾಣದಲ್ಲಿ ನಾವು ಚಕ್ರದ ಒಂದು ಸುತ್ತನ್ನೇ ದಾಟುತ್ತೇವೆ. ಶಿಲೆಗೆ ಆ ಸುತ್ತಿಗೆ ಬೇಕಾದುದು ಸುಮಾರು ಐವತ್ತು ಕೋಟಿ ವರ್ಷ.

ತಮ್ಮ ಊರಿನ ಕಲ್ಲನ್ನು ಓದಬಯಸುವ ವಿದ್ಯಾರ್ಥಿಗಳು, ಬಾವಿ ತೋಡುವ ಅಥವಾ ರಸ್ತೆಗೆ ಕಡಿಯುವ ಕಡೆಯಲ್ಲಿ ಹೊಸದಾಗಿ ಒಡೆದ ಮುಖವನ್ನು ನೋಡಬೇಕು. ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ದಿಕ್ಕಿಲ್ಲದೆ ಹರಡಿವೆಯೆ? ಅದು ಅಗ್ನಿಶಿಲೆಯಾಗಿರಬಹುದು. ಬಿಡಿ ಕಣಗಳು ಗಾರೆಯಿಂದ ಅಂಟಿಸಿದಂತೆ ಇವೆಯೆ? ಜಲಜಶಿಲೆಯಾಗಿರಬಹುದು. ಹರಳುಗಳು ಸಾಲುಗಟ್ಟಿ ಪಟ್ಟೆಗಳಾಗಿವೆಯೆ? ರೂಪಾಂತರಶಿಲೆಯಾಗಿರಬಹುದು. ಒಂದು ತೊಟ್ಟು ನಿಂಬೆರಸಕ್ಕೆ ಗುಳ್ಳೆಗಳೆದ್ದರೆ ಸುಣ್ಣದ ಅಂಶವಿದೆಯೆಂದು ತಿಳಿಯಬಹುದು. ಯಾವ ಒಂದು ಗುರುತನ್ನೂ ಕೊನೆಯ ಮಾತೆಂದು ಭಾವಿಸದೆ, ಸುತ್ತಲಿನ ಬಂಡೆಗಳೊಡನೆ ಅದರ ಸಂಬಂಧವನ್ನು ನೋಡಬೇಕೆಂಬುದೇ ಮೈಸೂರಿನ ಆ ಹಳೆಯ ವಿವಾದ ಕಲಿಸುವ ಪಾಠ.

ಲಾಲ್‌ಬಾಗಿನ ಬಂಡೆ, ಮರಡಿಹಳ್ಳಿಯ ದಿಂಬುಲಾವಾ, ಸೇಂಟ್ ಮೇರೀಸಿನ ಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿತವಾಗಿವೆ. ಅಲ್ಲಿ ಸುತ್ತಿಗೆಯನ್ನು ಎತ್ತಬಾರದು. ಇಂತಹ ರಕ್ಷಣೆಯಿಲ್ಲದ ಬಂಡೆಗಳೇ ಹೆಚ್ಚು. ಅವುಗಳಲ್ಲಿ ಎಷ್ಟೋ ಇಂದು ಜಲ್ಲಿಯಾಗಿ ಪುಡಿಯಾಗುತ್ತಿವೆ. ಮನೆ ರಸ್ತೆಗಳಿಗೆ ಕಲ್ಲು ಬೇಕೆಂಬುದು ದಿಟ. ಆದರೆ ಒಂದು ಪೆಂಟೆಶಿಲೆಯ ಉರುಟುಕಲ್ಲುಗಳು ಎರಡು ಪಕ್ಷಗಳ ವಾದವನ್ನು ಇತ್ಯರ್ಥ ಮಾಡಬಲ್ಲವೆಂಬುದನ್ನು ಕಂಡೆವು. ಕಡಿಯುವ ಮೊದಲು ಆ ಬಂಡೆಯನ್ನು ಒಮ್ಮೆ ಓದಿ, ಚಿತ್ರವನ್ನೂ ಅಳತೆಯನ್ನೂ ಬರೆದಿಡುವ ಕೆಲಸವನ್ನು ಊರೂರಿನ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಅದಕ್ಕೆ ಬೇಕಾದುದು ಒಂದು ಮಸೂರ, ಒಂದು ಅಳತೆಪಟ್ಟಿ, ಒಂದು ಪುಸ್ತಕ, ಮತ್ತು ಒಂದು ಭಾನುವಾರ.